ಬೆಳೆ ಒಣಗಿದರೆ ಬರ, ಬೆಳೆಗಾರ ಬಿದ್ದರೆ?



ಕಳೆದ ವರ್ಷದ ಮಳೆಗಾಲದಲ್ಲಿ ನಮ್ಮ ಅಮದಳ್ಳಿಯ ಒಂದು ಕೇರಿಯಲ್ಲಿ ನಡೆದ ಸಂಗತಿಯಿಂದ ಸುರು ಮಾಡುತ್ತೇನೆ. ಹೆಸರು ಹೇಳುವುದಿಲ್ಲ. ಹೆಸರು ಯಾವುದು ಹಾಕಿದರೂ ಅದು ನಿಮ್ಮ ಊರಿನ ಕತೆಯೇ ಆದೀತು.

ನಟ್ಟಿ ಅರ್ಧ ಮುಗಿದಿತ್ತು. ಉಳಿದ ಗದ್ದೆಗೆ ಅಗೆ ಕಿತ್ತು ಕಟ್ಟು ಕಟ್ಟಿ ಇಟ್ಟಿದ್ದ. ಬೆಳಗಿನ ಚಾ ಕುಡಿಯಲಿಕ್ಕೆ ಅಂತ ಗದ್ದೆಯಂಚಿನ ಮೇಲೆ ಕೂತವನು ಮತ್ತೆ ಏಳಲಿಲ್ಲ. ಬಲಗೈ ಬಲಗಾಲು ಸ್ವಾಧೀನ ತಪ್ಪಿತ್ತು, ಬಾಯಿ ಸೊಟ್ಟಗಾಗಿತ್ತು. ಲಕ್ವ. ವಯಸ್ಸು ನಲವತ್ತೆಂಟು. ಎರಡು ಎಕರೆಯ ಒಡೆಯ, ಸೊಸೈಟಿಯ ಸದಸ್ಯ, ಒಂದು ವರ್ಷವೂ ಬಾಕಿ ಉಳಿಸಿದವನಲ್ಲ.

ಆಸ್ಪತ್ರೆಯ ಖರ್ಚಿನ ದೊಡ್ಡ ಪಾಲು ಕಾರ್ಡಿನಲ್ಲಿ ಹೋಯಿತು. ಅದಕ್ಕೆ ಉಪಕಾರ ಹೇಳೋಣ. ನಮ್ಮ ಅಪ್ಪಂದಿರ ಕಾಲದಲ್ಲಿ ಅದೂ ಇರಲಿಲ್ಲ. ಹದಿನೈದು ದಿನಕ್ಕೆ ಮನೆಗೆ ಕಳಿಸಿದರು. ನಿಜವಾದ ಕಾಯಿಲೆ ಸುರುವಾದದ್ದು ಆಮೇಲೆ. ಅವನ ಹೆಂಡತಿ ನನ್ನ ಹತ್ತಿರ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಅಣ್ಣಾ, ಡಾಕ್ಟ್ರು ಆರು ತಿಂಗಳು ಭಾರದ ಕೆಲಸ ಮಾಡೂದು ಬೇಡ ಅಂದ್ರು. ಇವರಿಗೆ ಹೇಳಿದ್ರು, ಸಮ ಆಯ್ತು. ಗದ್ದೆಗೆ ಹೇಳೂದು ಯಾರು? ಸೊಸೈಟಿಗೆ ಹೇಳೂದು ಯಾರು?"

ಈ ಲೇಖನ ಆ ಎರಡು ಪ್ರಶ್ನೆಗಳ ಮೇಲೆ.

ಉಳಿದ ನಟ್ಟಿಯನ್ನು ಕೇರಿಯವರು ಮುಯ್ಯಾಳಿನಲ್ಲಿ ಒಂದೇ ದಿನ ಮುಗಿಸಿ ಕೊಟ್ಟರು. ಕಳೆ ತೆಗೆಯುವುದು, ಗೊಬ್ಬರ ಹಾಕುವುದು, ಕೊಯ್ಲು, ಇದೆಲ್ಲ ಹೆಂಡತಿಯ ತಲೆಗೆ ಬಂತು. ಕೂಲಿ ಕೊಟ್ಟು ಜನ ಕರೆಯಬೇಕಾಯಿತು. ಆಸ್ಪತ್ರೆಗೆ ವ್ಯಾಯಾಮಕ್ಕೆ ಹೋಗಿಬರುವ ಖರ್ಚು ಬೇರೆ. ಎರಡು ಗಂಟಿ ಮಾರಿದರು. ಗಡುವಿಗೆ ಸೊಸೈಟಿ ಸಾಲ ಕಟ್ಟಲಾಗಲಿಲ್ಲ. ಅದಕ್ಕೂ ಮೊದಲೇ, ಕೊಯ್ಲಿನ ಹೊತ್ತಿಗೆ, ಈ ಮನುಷ್ಯ ಮನೆಯವರ ಕಣ್ಣು ತಪ್ಪಿಸಿ ಕತ್ತಿ ಹಿಡಿದು ಗದ್ದೆಗಿಳಿದ. ಕಾಲು ತಡವರಿಸಿ ಬಿದ್ದ, ಮಣಿಕಟ್ಟು ಮುರಿಯಿತು. ಆರು ತಿಂಗಳಿನ ಕಾಯಿಲೆ ವರ್ಷದ ಕಾಯಿಲೆಯಾಯಿತು.

ಅವನು ಹಟಮಾರಿ ಅಂತ ಊರಿನ ಕೆಲವರು ಬೈದರು. ನಾನು ಬೈಯಲಿಲ್ಲ. ಅವನನ್ನು ಗದ್ದೆಗಿಳಿಸಿದ್ದು ಹಟವಲ್ಲ, ಗಡುವು.

ಅದೇ ಲಕ್ವ, ಬೇರೆ ಮನೆ

ಈಗ ಅದೇ ಕಾಯಿಲೆ, ಅದೇ ವಯಸ್ಸು, ಆದರೆ ಮನೆ ಬೇರೆ ಅಂತ ಇಟ್ಟುಕೊಳ್ಳಿ.

ಮೊದಲು ಸರ್ಕಾರಿ ನೌಕರನ ಮನೆ. 2016 ರ ಅಂಗವಿಕಲರ ಹಕ್ಕುಗಳ ಕಾಯಿದೆಯ 20 ನೆಯ ಕಲಂ ಏನು ಹೇಳುತ್ತದೆ ಗೊತ್ತೇ? ಸೇವೆಯಲ್ಲಿರುವಾಗ ಅಂಗವಿಕಲನಾದ ನೌಕರನನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯಕೂಡದು, ದರ್ಜೆ ಇಳಿಸಕೂಡದು. ಹಳೆಯ ಕೆಲಸ ಮಾಡಲಾಗದಿದ್ದರೆ ಅದೇ ಸಂಬಳದಲ್ಲಿ ಬೇರೆ ಕೆಲಸ ಕೊಡಬೇಕು. ಬೇರೆ ಕೆಲಸವೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆಯೊಂದನ್ನು ಹುಟ್ಟಿಸಿ, ತಕ್ಕ ಕೆಲಸ ಸಿಗುವವರೆಗೆ ಅಥವಾ ನಿವೃತ್ತಿಯಾಗುವವರೆಗೆ ಅದರಲ್ಲಿ ಇಟ್ಟುಕೊಳ್ಳಬೇಕು. 1995 ರ ಹಳೆಯ ಕಾಯಿದೆಯ 47 ನೆಯ ಕಲಮಿನಲ್ಲೂ ಇದೇ ಇತ್ತು. ಒಳ್ಳೆಯ ಕಾನೂನು. ನೌಕರರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ.

ಎರಡನೆಯದು ಕಾರ್ಖಾನೆ ಕಾರ್ಮಿಕನ ಮನೆ. ಇಎಸ್‌ಐ ಎಂಬ ವ್ಯವಸ್ಥೆ 1948 ರ ಕಾಯಿದೆಯಿಂದ ಬಂದದ್ದು. ಆ ಕಾಯಿದೆಯನ್ನು 2020 ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದ್ದಾರೆ. ತಿಂಗಳಿಗೆ 21,000 ರೂಪಾಯಿ ತನಕ ಸಂಬಳವಿರುವ ಕಾರ್ಮಿಕ ತನ್ನ ಸಂಬಳದ ಶೇಕಡಾ 0.75 ಕಟ್ಟುತ್ತಾನೆ, ಮಾಲೀಕ ಶೇಕಡಾ 3.25 ಕಟ್ಟುತ್ತಾನೆ. ಕಾಯಿಲೆ ಬಿದ್ದರೆ ವರ್ಷಕ್ಕೆ 91 ದಿನದ ತನಕ ಸಂಬಳದ ಶೇಕಡಾ 70 ಬರುತ್ತದೆ. ಕೆಲಸದಲ್ಲಿ ಪೆಟ್ಟಾಗಿ ಮಲಗಿದರೆ ಶೇಕಡಾ 90. ದೀರ್ಘ ಕಾಯಿಲೆಗಳ ಒಂದು ಪಟ್ಟಿ ಇದೆ. ಲಕ್ವ ಅದರಲ್ಲಿದೆ. ಸೇವೆಯ ಶರ್ತು ಪೂರೈಸಿದ್ದರೆ ಎರಡು ವರ್ಷದ ತನಕ ಸಂಬಳದ ಶೇಕಡಾ 80 ಸಿಗುತ್ತದೆ.

ಲೆಕ್ಕ ಹಾಕಿ. 15,000 ರೂಪಾಯಿ ಸಂಬಳದವನು ತಿಂಗಳಿಗೆ 112 ರೂಪಾಯಿ 50 ಪೈಸೆ ಕಟ್ಟುತ್ತಾನೆ. ಕಾಯಿಲೆ ಬಿದ್ದ 91 ದಿನಕ್ಕೆ, ದಿನಕ್ಕೆ 350 ರಂತೆ, ಸುಮಾರು 31,850 ರೂಪಾಯಿ ಅವನ ಮನೆಗೆ ಬರುತ್ತದೆ. ಅವನು ಹೆದರಿ ಓಡಿ ಯಂತ್ರದ ಮುಂದೆ ನಿಲ್ಲಬೇಕಾಗಿಲ್ಲ. ಮೈ ಸಮ ಆದ ಮೇಲೆ ಹೋದರಾಯಿತು.

ಮೂರನೆಯದು ನಮ್ಮ ಮನೆ. ನಮಗೆ ಮಾಲೀಕನಿಲ್ಲ, ನಾವೇ ಮಾಲೀಕರು ಅಂತ ಕಾನೂನು ಹೇಳುತ್ತದೆ. ಪಹಣಿಯಲ್ಲಿ ಹೆಸರಿದೆಯಲ್ಲ, ಮತ್ತೇನು ಬೇಕು? ಆದರೆ ಭತ್ತದ ದರ ಕಟ್ಟುವವರು ಯಾರು? ತೆಂಗಿನಕಾಯಿಯ ದರ ಹೇಳುವವರು ಯಾರು? ಗೊಬ್ಬರದ ದರ ನಿಶ್ಚಯಿಸುವವರು ಯಾರು? ದರ ಹೇಳುವಾಗ ನಾವು ಆಳು, ಕಾಯಿಲೆ ಬಿದ್ದಾಗ ಮಾಲೀಕರು. ಇದು ಯಾವ ನ್ಯಾಯ?

ಇರುವ ಯೋಜನೆ, ಅದರ ತೂತು

ರೈತನಿಗೆ ಏನೂ ಇಲ್ಲ ಅಂತ ಹೇಳಿದರೆ ಅಧಿಕಾರಿಗಳು ಕಾಗದದ ಕಟ್ಟು ಬಿಚ್ಚುತ್ತಾರೆ. ಅದಕ್ಕೆ ಒಂದೊಂದನ್ನೇ ನೋಡೋಣ.

ಯಶಸ್ವಿನಿ. 2003 ರಲ್ಲಿ ಸಹಕಾರಿ ಸದಸ್ಯರಿಗಾಗಿ ಸುರುವಾದದ್ದು, 2018 ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ಮುಳುಗಿತು, 2022-23 ರಲ್ಲಿ ಮತ್ತೆ ಎದ್ದಿತು. ಮತ್ತೆ ಸುರುವಾದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವಂತಿಗೆ 500 ರೂಪಾಯಿ ಇಟ್ಟರು. ಒಳ್ಳೆಯ ಯೋಜನೆ, ಎಲ್ಲರೂ ಮಾಡಿಸಬೇಕು. ಆದರೆ ಅದು ಆಸ್ಪತ್ರೆಗೆ ಕೊಡುವ ಹಣ. ಆಸ್ಪತ್ರೆಯ ಬಾಗಿಲು ದಾಟಿ ಮನೆಗೆ ಬಂದವನ ಅಕ್ಕಿ ಡಬ್ಬಿಗೆ ಅದು ಬರುವುದಿಲ್ಲ.

ಪ್ರಧಾನಮಂತ್ರಿ ಸುರಕ್ಷಾ ಬಿಮಾ. 2015 ರಲ್ಲಿ 12 ರೂಪಾಯಿಗೆ ಸುರುವಾಗಿ 2022 ರ ಜೂನಿನಿಂದ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ 2 ಲಕ್ಷ, ಒಂದು ಕೈಯೋ ಕಾಲೋ ಕಣ್ಣೋ ಹೋದರೆ 1 ಲಕ್ಷ. ಮರದಿಂದ ಬಿದ್ದು ಕಾಲು ಹೋದವನಿಗೆ ಇದು ಸಿಗಬಹುದು. ಲಕ್ವ ಹೊಡೆದವನಿಗೆ ಸಿಗುವುದಿಲ್ಲ. ಕಾಯಿಲೆ ಅಪಘಾತವಲ್ಲವಂತೆ. ಕಾಲು ಮುರಿದು ನಾಲ್ಕು ತಿಂಗಳು ಮಲಗಿ ಗುಣವಾದವನಿಗೂ ಇಲ್ಲ. ಕಾಲು ಹೋಗಲಿಲ್ಲವಲ್ಲ!

ಅಂಗವಿಕಲರ ಮಾಸಾಶನ. ಶೇಕಡಾ 40 ರ ಮೇಲೆ ವೈಕಲ್ಯವಿದ್ದವರಿಗೆ ರಾಜ್ಯ ಸರ್ಕಾರ ಕೊಡುತ್ತಿದ್ದ 600 ರೂಪಾಯಿಯನ್ನು 2021 ರಲ್ಲಿ 800 ಮಾಡಿದರು. ಶೇಕಡಾ 75 ದಾಟಿದವರಿಗೆ 1,400. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿಯಲ್ಲಿ ಕೇಂದ್ರದ ಪಾಲು 300 ರೂಪಾಯಿ, ಅದೂ ಶೇಕಡಾ 80 ವೈಕಲ್ಯವಿರುವ ಬಡತನ ರೇಖೆಯ ಕೆಳಗಿನವರಿಗೆ. ರಾಜ್ಯದ ಮಾಸಾಶನಕ್ಕೆ ಆದಾಯ ವರ್ಷಕ್ಕೆ 32,000 ರೂಪಾಯಿಯ ಒಳಗಿರಬೇಕೆಂಬ ಮಿತಿ ಇದೆ. ಒಂದು ಎಕರೆಯಲ್ಲಿ 16 ಕ್ವಿಂಟಲ್ ಭತ್ತ ಬಂತು ಅಂತ ಇಟ್ಟುಕೊಳ್ಳಿ. 2025-26 ರ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ 2,369 ರೂಪಾಯಿ, ಒಟ್ಟು 37,904 ಆಯಿತು. ಅದರಲ್ಲಿ ಬೀಜ, ಗೊಬ್ಬರ, ಟಿಲ್ಲರು, ಕೂಲಿ ಕಳೆದರೆ ಏನು ಉಳಿಯುತ್ತದೆ ಅಂತ ನಿಮಗೆ ಗೊತ್ತು. ಆದರೆ ಮಾಮಲೇದಾರ ಕಚೇರಿಯ ಮೇಜಿನ ಮೇಲೆ ಪಹಣಿ ಇಟ್ಟ ಕೂಡಲೇ ನೀವು ಜಮೀನುದಾರರು. ಖರ್ಚು ಕಳೆದು ಆದಾಯ ಬರೆಯಿರಿ ಅಂತ ವಾದ ಮಾಡಲಿಕ್ಕೆ ನಡೆಯಬಲ್ಲವರು ಹೋಗಬೇಕು. ಅರ್ಜಿ ಇರುವುದು ನಡೆಯಲಾರದವರದ್ದು.

ಇನ್ನೂ ದೊಡ್ಡ ತೂತು ಬೇರೆ ಇದೆ. ಮಾಸಾಶನದ ನಿಯಮ ನೋಡುವುದು ಕಾಯಂ ವೈಕಲ್ಯವನ್ನು. ಎಂಟು ತಿಂಗಳು ಮಲಗಿ ಎದ್ದವನು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಅಂದರೆ ಗುಣವಾಗುವವನಿಗೆ ಏನೂ ಇಲ್ಲ, ಗುಣವಾಗದವನಿಗೆ 800 ರೂಪಾಯಿ. ಗುಣವಾಗುವ ಹೊತ್ತಿನಲ್ಲಿ ಕೈ ಹಿಡಿದಿದ್ದರೆ ಎಷ್ಟೋ ಜನ ಕಾಯಂ ಅಂಗವಿಕಲರಾಗುತ್ತಲೇ ಇರಲಿಲ್ಲ.

ಹೀಗೆ ಮಾಡಲಿಕ್ಕೆ ಬರುವುದಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ಕ್ಷಯ ರೋಗಿಗೆ ಚಿಕಿತ್ಸೆ ನಡೆಯುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆ ಅಂತ 2018 ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024 ರ ನವೆಂಬರಿನಿಂದ ಅದನ್ನು 1,000 ಮಾಡಿದರು. ಕಾಯಂ ವೈಕಲ್ಯ ಕೇಳಲಿಲ್ಲ, ಕಾಯಿಲೆ ಇರುವವರೆಗೆ ಕೊಟ್ಟರು. ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆಯಲ್ಲಿ ಮರ ಹತ್ತುವವನು ಬಿದ್ದು ಕೆಲವು ವಾರ ಕೆಲಸ ಮಾಡಲಾಗದಿದ್ದರೆ ಅದಕ್ಕೂ ಪರಿಹಾರ ಇಟ್ಟಿದ್ದಾರೆ. ಮರ ಹತ್ತುವವನಿಗೆ ಆಗುವುದು ಮರದ ಬುಡದಲ್ಲಿ ನಿಂತ ರೈತನಿಗೆ ಯಾಕೆ ಆಗಬಾರದು?

ನಮ್ಮ ಕಾಯಿಲೆ ಗದ್ದೆಯದ್ದೇ

ಲಕ್ವ ಯಾರಿಗೂ ಬರುತ್ತದೆ, ಅದು ಹಣೆಬರಹ ಅಂತ ಹೇಳಬಹುದು. ಆದರೆ ನಮಗೆ ಬರುವ ಎಷ್ಟೋ ಕಾಯಿಲೆ ನಮ್ಮ ಕಸುಬಿನಿಂದಲೇ ಬರುತ್ತದೆ. ಕಾಲಿನ ಒಡಕಿನಲ್ಲಿ ಗದ್ದೆಯ ನೀರು ಹೊಕ್ಕು ಇಲಿ ಜ್ವರ ಬರುತ್ತದೆ. ಸೊಪ್ಪಿಗೆ, ದರಕಿಗೆ ಕಾಡಿಗೆ ಹೋದವರಿಗೆ ಉಣ್ಣಿ ಕಚ್ಚಿ ಮಂಗನ ಕಾಯಿಲೆ ಬರುತ್ತದೆ. 1957 ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನ ಸುತ್ತ ಗುರುತಿಸಿದ ಆ ಕಾಯಿಲೆ 2024 ರಲ್ಲೂ ನಮ್ಮದೇ ಜಿಲ್ಲೆಯ ಸಿದ್ದಾಪುರದಲ್ಲಿ ಜನರನ್ನು ಮಲಗಿಸಿತು. ಜ್ವರ ಬಿಟ್ಟ ಮೇಲೂ ಅದರ ನಿತ್ರಾಣ ಬೇಗ ಹೋಗುವುದಿಲ್ಲ. ಹಾವು ಕಚ್ಚುತ್ತದೆ, ಟಿಲ್ಲರು ಮಗುಚುತ್ತದೆ, ಔಷಧಿ ಹೊಡೆಯುವಾಗ ಗಾಳಿ ತಿರುಗಿ ಮೈಮೇಲೆ ಬರುತ್ತದೆ. ಕಾರ್ಖಾನೆಯಲ್ಲಿ ಕೆಲಸದಿಂದ ಬಂದ ಕಾಯಿಲೆಗೆ ಔದ್ಯೋಗಿಕ ರೋಗ ಅಂತ ಹೆಸರಿಟ್ಟು ಪೆಟ್ಟಾದ ಹಾಗೆಯೇ ಪರಿಹಾರ ಕೊಡುತ್ತಾರೆ. ಗದ್ದೆಯಿಂದ ಬಂದ ಕಾಯಿಲೆಗೆ ಹೆಸರೂ ಇಲ್ಲ, ಪರಿಹಾರವೂ ಇಲ್ಲ.

ಎಂಡೋಸಲ್ಫಾನ್ ನೆನಪಿರಲಿ. ಕಾಸರಗೋಡಿನ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ವಿಮಾನದಿಂದ ವಿಷ ಸುರಿದರು. ನಮ್ಮ ಕರಾವಳಿಯ ಗೇರು ತೋಪುಗಳ ಮಗ್ಗುಲಿನ ಹಳ್ಳಿಗಳಲ್ಲೂ ಹುಟ್ಟಿದ ಮಕ್ಕಳ ಕೈಕಾಲು ತಿರುಚಿತು. 2011 ರ ಮೇ 13 ರಂದು ಸುಪ್ರೀಂ ಕೋರ್ಟು ಅದರ ತಯಾರಿ, ಮಾರಾಟ ನಿಲ್ಲಿಸಿತು. 2017 ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಅಪ್ಪಣೆ ಮಾಡಿತು. ನಮ್ಮ ರಾಜ್ಯದಲ್ಲಿ ಕೊಕ್ಕಡ ಮೊದಲಾದ ಊರಿನವರು ಬೀದಿಗಿಳಿದ ಮೇಲೆ, ಹೈಕೋರ್ಟು ಕಣ್ಣು ಬಿಟ್ಟ ಮೇಲೆ, ವೈಕಲ್ಯದ ಪ್ರಮಾಣ ನೋಡಿ ಸಾಮಾನ್ಯ ಮಾಸಾಶನಕ್ಕಿಂತ ಹೆಚ್ಚಿನ ಮಾಸಾಶನ ಬಂತು. ಯಾರೂ ಕರೆದು ಕೊಡಲಿಲ್ಲ. ಕೇಳಿದವರಿಗೆ ಸಿಕ್ಕಿತು.

ದರದಲ್ಲಿ ಕಾಯಿಲೆಯ ಲೆಕ್ಕ ಎಲ್ಲಿ?

ಈ ಪತ್ರಿಕೆಯ ಓದುಗರಿಗೆ ದರದ ಲೆಕ್ಕ ಹೊಸದಲ್ಲ. 1965 ರಲ್ಲಿ ಕೃಷಿ ಬೆಲೆ ಆಯೋಗ ಬಂತು, 1985 ರಲ್ಲಿ ಅದಕ್ಕೆ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಅಂತ ಹೆಸರಾಯಿತು. ಕೈಯಿಂದ ಹೋದ ಖರ್ಚಿಗೆ ಮನೆಯವರ ದುಡಿಮೆಯ ಕೂಲಿ ಸೇರಿಸಿದರೆ ಒಂದು ಲೆಕ್ಕ. ಅದಕ್ಕೆ ಸ್ವಂತ ಭೂಮಿಯ ಗೇಣಿ, ಸ್ವಂತ ಬಂಡವಾಳದ ಬಡ್ಡಿ ಸೇರಿಸಿದರೆ ಸಿ2 ಎಂಬ ಲೆಕ್ಕ. ಸಿ2 ರ ಮೇಲೆ ಶೇಕಡಾ 50 ಕೊಡಿ ಅಂತ ನಾವು ಕೂಗುತ್ತಲೇ ಇದ್ದೇವೆ.

ಆದರೆ ಆ ಸಿ2 ಲೆಕ್ಕದಲ್ಲೂ ಒಂದು ಬಾಬತ್ತು ಇಲ್ಲ. ಮನೆಯವರು ದುಡಿದ ಗಂಟೆಗೆ ಕೂಲಿ ಹಾಕುತ್ತಾರೆ, ದುಡಿಯಲಾಗದೆ ಮಲಗಿದ ದಿನಕ್ಕೆ ಏನೂ ಹಾಕುವುದಿಲ್ಲ. ಗೊಬ್ಬರದ ಚೀಲ ಕೊಳ್ಳುವಾಗ, ಸಿಮೆಂಟು ಕೊಳ್ಳುವಾಗ, ಪಂಪ್‌ಸೆಟ್ಟು ಕೊಳ್ಳುವಾಗ ಆ ಕಾರ್ಖಾನೆಯ ಮಾಲೀಕ ತನ್ನ ಕಾರ್ಮಿಕರಿಗಾಗಿ ಕಟ್ಟಿದ ವಂತಿಗೆ, ಕೊಟ್ಟ ರಜೆಯ ಸಂಬಳ ಎಲ್ಲವೂ ಆ ಮಾಲಿನ ದರದೊಳಗೆ ಕೂತಿರುತ್ತದೆ. ಮಾಲೀಕ ತನ್ನ ಮನೆಯಿಂದ ತಂದು ಕೊಡುವುದಿಲ್ಲ. ಕೊಡುವವರು ಕೊಳ್ಳುವವರು, ಅಂದರೆ ನಾವೂ ನೀವೂ. ಊರಿನವರ ಕಾಯಿಲೆಗೆಲ್ಲ ರೈತ ದುಡ್ಡು ಕೊಡುತ್ತಾನೆ. ರೈತನ ಕಾಯಿಲೆಗೆ ದುಡ್ಡು ಯಾರ ದರದಲ್ಲಿದೆ?

ಅದಕ್ಕೆ ನಾನು ಹೇಳುವುದು ಇಷ್ಟೇ. ಬೇರೆಯವರ ಲೆಕ್ಕವನ್ನೇ ನಮಗೂ ಹಾಕಿ. ಕ್ವಿಂಟಲ್ ಭತ್ತದ 2,369 ರೂಪಾಯಿಗೆ ಶೇಕಡಾ 0.75 ಅಂದರೆ ಸುಮಾರು 18 ರೂಪಾಯಿ ರೈತ ಕಟ್ಟಲಿ. ಶೇಕಡಾ 3.25 ಅಂದರೆ 77 ರೂಪಾಯಿ ದರದ ಮೇಲೆ ಸೇರಿಸಿ ಕೊಳ್ಳುವವರು ಕಟ್ಟಲಿ. ನಮ್ಮ ಕಾರವಾರ, ಅಂಕೋಲೆಯ ಕಡೆ ಹೆಚ್ಚಿನವರು ಭತ್ತ ಬೆಳೆಯುವುದು ಊಟಕ್ಕೆ, ಮಾರುವುದು ತೆಂಗಿನಕಾಯಿ, ತರಕಾರಿ. ಅಂಥವರಿಗೆ ಎಕರೆಯ ಲೆಕ್ಕದಲ್ಲಿ ವಂತಿಗೆ ಇಡಲಿ, ಉಳಿದ ಪಾಲನ್ನು ಸರ್ಕಾರ ತುಂಬಲಿ. ನಾವು ಧರ್ಮಕ್ಕೆ ಕೇಳುತ್ತಿಲ್ಲ, ವಂತಿಗೆ ಕಟ್ಟಿ ಕೇಳುತ್ತಿದ್ದೇವೆ.

ಸಾಲಕ್ಕೆ ಜ್ವರ ಬರುವುದಿಲ್ಲ

ಈಗ ಸೊಸೈಟಿಯ ಪ್ರಶ್ನೆಗೆ ಬರೋಣ. ಸಹಕಾರಿ ಸಂಘದಿಂದ ಶೂನ್ಯ ಬಡ್ಡಿಯ ಬೆಳೆಸಾಲ ನಮ್ಮ ರಾಜ್ಯದಲ್ಲಿದೆ. 2023-24 ರ ಬಜೆಟ್ಟಿನಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆದರೆ ಶೂನ್ಯ ಬಡ್ಡಿ ಗಡುವಿನೊಳಗೆ ಕಟ್ಟಿದವನಿಗೆ ಮಾತ್ರ. ಗಡುವು ದಾಟಿದರೆ ಸವಲತ್ತು ಹೋಯಿತು, ಬಡ್ಡಿ ಬಿತ್ತು. ಬಾಕಿದಾರನೆಂಬ ಹೆಸರು ಬಿತ್ತು, ಮುಂದಿನ ಸಾಲ ನಿಂತಿತು. ಆಮೇಲೆ ಬಂಗಾರ ಇಡುವುದು ಅಥವಾ ಕೈಸಾಲ. ಹೀಗೆ ಒಂದು ಲಕ್ವ ಎರಡು ಎಕರೆಯನ್ನು ನುಂಗುತ್ತದೆ.

ಬರ ಬಂದರೆ, ನೆರೆ ಬಂದರೆ ಹೀಗಾಗುವುದಿಲ್ಲ. ನೈಸರ್ಗಿಕ ವಿಪತ್ತಿನಲ್ಲಿ ಬೆಳೆ ಶೇಕಡಾ 33 ಅಥವಾ ಹೆಚ್ಚು ಹೋದರೆ ಬೆಳೆಸಾಲವನ್ನು ಅವಧಿ ಸಾಲವಾಗಿ ಬದಲಿಸಿ ಗಡುವು ಮುಂದೂಡಲಿಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ದಾರಿ ಇದೆ. ಅಂದರೆ ಬೆಳೆಗೆ ಕಾಯಿಲೆ ಬಂದರೆ ಸಾಲ ನಿಲ್ಲುತ್ತದೆ. ಬೆಳೆಯುವವನಿಗೆ ಕಾಯಿಲೆ ಬಂದರೆ ನಿಲ್ಲುವುದಿಲ್ಲ. ಊರಿಗೆಲ್ಲ ಬಿದ್ದ ಸಿಡಿಲು ಸಿಡಿಲು, ಒಂದೇ ಮನೆಗೆ ಬಿದ್ದದ್ದು ಸಿಡಿಲಲ್ಲವೇ?

ಹೀಗೇ ಇನ್ನೊಂದು. 2024 ರ ಜುಲೈ 16 ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನಮ್ಮ ಕಣ್ಣ ಮುಂದಿನ ಸಂಗತಿ. ಅಂಥ ವಿಪತ್ತಿನಲ್ಲಿ ಅಂಗ ಕಳೆದುಕೊಂಡವರಿಗೆ 2022 ರಲ್ಲಿ ಗೊತ್ತು ಮಾಡಿದ ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಶೇಕಡಾ 40 ರಿಂದ 60 ವೈಕಲ್ಯಕ್ಕೆ 74,000, ಶೇಕಡಾ 60 ದಾಟಿದರೆ ಎರಡೂವರೆ ಲಕ್ಷ ಇಟ್ಟರು. ಸರಿಯಾದದ್ದೇ. ರೈತ ಆತ್ಮಹತ್ಯೆ ಮಾಡಿಕೊಂಡ ಮನೆಗೆ 2015 ರಲ್ಲಿ ಪರಿಹಾರವನ್ನು 5 ಲಕ್ಷಕ್ಕೆ ಏರಿಸಿದರು. ಅದೂ ಬೇಕಾದದ್ದೇ, ಆ ಮಕ್ಕಳು ಬದುಕಬೇಕಲ್ಲ. ಆದರೆ ಬದುಕಿರುವ ರೈತ ಹಾಸಿಗೆ ಹಿಡಿದು, ಸಾಲದ ನೋಟೀಸು ಕೈಯಲ್ಲಿ ಹಿಡಿದು, ದಾರಿ ಕಾಣದೆ ಕೂತಾಗ ಸರ್ಕಾರ ಎಲ್ಲಿರುತ್ತದೆ? ಆ ಹೊತ್ತಿಗೆ ಬರಬೇಕಾದ ಕೈ ಬಂದರೆ ಆಮೇಲಿನ ಐದು ಲಕ್ಷದ ಮಾತೇ ಬೇಡವಾದೀತು.

ಗದ್ದೆ ಪಾಳು ಬಿಡಬೇಕೇ?

ಇನ್ನೊಂದು ಸೂಕ್ಷ್ಮದ ವಿಷಯ. ನಮ್ಮ ಜಿಲ್ಲೆಯ ರೈತರಲ್ಲಿ ಹೆಚ್ಚಿನವರು ಗೇಣಿದಾರರ ಮಕ್ಕಳು. ದಿನಕರ ದೇಸಾಯಿಯವರು ಅಂಕೋಲೆಯ ಸುತ್ತ ರೈತರನ್ನು ಕಟ್ಟಿದ್ದು, ಆಮೇಲೆ ದೇವರಾಜ ಅರಸರ ಕಾಲದ 1974 ರ ತಿದ್ದುಪಡಿ, ಇವು ಇಲ್ಲದಿದ್ದರೆ ನಮ್ಮ ಹೆಸರು ಪಹಣಿಗೆ ಬರುತ್ತಿರಲಿಲ್ಲ. ಆ ಕಾನೂನು ಗೇಣಿಗೆ ಕೊಡುವುದನ್ನೇ ನಿಷೇಧಿಸಿತು. ಸೈನಿಕರಿಗೆ, ಹಡಗಿನ ನಾವಿಕರಿಗೆ ಮಾತ್ರ ವಿನಾಯಿತಿ ಇಟ್ಟಿತು, ಅವರು ಊರಲ್ಲಿದ್ದು ಸಾಗುವಳಿ ಮಾಡಲಾರರು ಅಂತ. ಹಾಸಿಗೆ ಹಿಡಿದ ರೈತನೂ ಮಾಡಲಾರನಲ್ಲ?

ಈಗ ಏನಾಗುತ್ತಿದೆ? ಕಾಯಿಲೆ ಬಿದ್ದವನು ಬಾಯಿಮಾತಿನಲ್ಲಿ ಪಕ್ಕದವನಿಗೆ ಗದ್ದೆ ಕೊಡುತ್ತಾನೆ, ಕಾಗದ ಇಲ್ಲ. ಕೊಟ್ಟವನಿಗೆ ಭೂಮಿ ಹೋದೀತೆಂಬ ಭಯ, ಮಾಡುವವನಿಗೆ ಸಾಲವೂ ಇಲ್ಲ, ಬೆಳೆವಿಮೆಯೂ ಇಲ್ಲ. ಭಯ ಹೆಚ್ಚಾದರೆ ಗದ್ದೆ ಪಾಳು. ವೈದ್ಯರ ಪ್ರಮಾಣಪತ್ರ ಇದ್ದವರಿಗೆ, ಎರಡು ಅಥವಾ ಮೂರು ವರ್ಷದ ಮಟ್ಟಿಗೆ, ಗ್ರಾಮ ಪಂಚಾಯತಿಯ ಎದುರು ಬರೆದ ಕರಾರಿನ ಮೇಲೆ, ಅದೇ ಊರಿನ ಸಣ್ಣ ರೈತನಿಗೆ ಅಥವಾ ಭೂಮಿ ಇಲ್ಲದವನಿಗೆ ಗದ್ದೆ ಕೊಡಲು ಅವಕಾಶ ಬೇಕು. ಕಂಪನಿಗೆ ಕೊಡಲಿಕ್ಕಲ್ಲ, ಸೀಗಡಿ ಹೊಂಡಕ್ಕಲ್ಲ. ಗೇಣಿದಾರರ ಮಕ್ಕಳಾದ ನಾವು ಹಳೆಯ ಒಡೆಯರ ಕಾಲ ತಿರುಗಿ ತರಲು ಬಾಗಿಲು ತೆರೆಯಬಾರದು. ಅದಕ್ಕೇ ಅವಧಿ, ಪ್ರಮಾಣಪತ್ರ, ಊರಿನವನೆಂಬ ಶರ್ತು, ಈ ಮೂರೂ ಬೇಕು ಅನ್ನುತ್ತೇನೆ.

ಕೆಲಸಕ್ಕೆ ಮರಳುವುದೆಂದರೆ

ಪೇಟೆಯವರು ಗುಣವಾದ ಮೇಲೆ ಕೆಲಸಕ್ಕೆ ಮರಳುವುದೆಂದರೆ ಕುರ್ಚಿಗೆ ಮರಳುವುದು. ನಾವು ಮರಳುವುದು ಕೆಸರಿಗೆ. ಒಂದೇ ದಿನಕ್ಕೆ ಆಗುವುದಲ್ಲ. ಮೊದಲು ಅಂಗಳದ ಕೆಲಸ, ಆಮೇಲೆ ತರಕಾರಿ ಮಡಿ, ಆಮೇಲೆ ನೀರು ಕಟ್ಟುವುದು, ಕಡೆಗೆ ಗದ್ದೆ. ಈ ಮೆಟ್ಟಿಲುಗಳನ್ನು ಹತ್ತಲಿಕ್ಕೆ ಪುರುಸೊತ್ತು ಬೇಕು. ಆ ಪುರುಸೊತ್ತಿನ ಬೆಲೆಯೇ ನಾವು ಕೇಳುವ ಹಣ. ಒಂದು ಕೈ ಸೋತವನು ಭತ್ತ ಬಿಟ್ಟು ತೆಂಗು, ಮಲ್ಲಿಗೆ, ಬಸಳೆ, ಹೈನಿನ ಕಡೆ ಹೊರಳಬಹುದು. ಅದಕ್ಕೆ ಹೊಸ ಸಾಲ ಬೇಕು, ಹಳೆಯ ಬಾಕಿ ಅಡ್ಡ ಬರಬಾರದು. 2014-15 ರಲ್ಲಿ ಸುರುವಾದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳಲ್ಲಿ ಕಾಯಿಲೆ ಬಿದ್ದ ಮನೆಗೆ ಮೊದಲ ಸರದಿ, ಅರ್ಧ ಬಾಡಿಗೆ ಅಂತ ನಿಯಮ ಮಾಡಿದರೆ ಸರ್ಕಾರದ ಬೊಕ್ಕಸ ಬರಿದಾಗುವುದಿಲ್ಲ.

ವ್ಯಾಯಾಮದ ಮಾತು ಕೇಳಿ. ಲಕ್ವ ಹೊಡೆದವನಿಗೆ ಮೊದಲ ಕೆಲವು ತಿಂಗಳೇ ಮುಖ್ಯ, ಆಗ ಕೈಕಾಲಿಗೆ ಕ್ರಮವಾಗಿ ಕೆಲಸ ಕಲಿಸಿದರೆ ತಿರುಗಿ ಬರುತ್ತದೆ. 2023 ರ ಜೂನಿನಿಂದ ಹೆಂಗಸರಿಗೆ ಬಸ್ಸು ಪುಕ್ಕಟೆ, ಹಾಗಾಗಿ ಜೊತೆಗೆ ಹೋಗುವ ಹೆಂಡತಿಗೆ ಟಿಕೇಟಿಲ್ಲ, ಕಾಯಿಲೆಯವನಿಗೆ ಟಿಕೇಟು! ಅಂಗವಿಕಲರ ರಿಯಾಯಿತಿ ಪಾಸು ಬೇಕಾದರೆ ಮೊದಲು ಗುರುತಿನ ಚೀಟಿ ಬೇಕು. ಚೀಟಿ ಬರುವಷ್ಟರಲ್ಲಿ ವ್ಯಾಯಾಮದ ಹೊತ್ತು ದಾಟಿರುತ್ತದೆ. ದೊಡ್ಡ ಕಾಯಿಲೆಗೆ ನಮ್ಮ ಜಿಲ್ಲೆಯವರು ಗೋವೆಗೋ ಮಣಿಪಾಲಕ್ಕೋ ಮಂಗಳೂರಿಗೋ ಓಡಬೇಕು. 2022 ರ ಜುಲೈ 20 ರಂದು ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಅಂಬ್ಯುಲೆನ್ಸು ಉಡುಪಿ ಜಿಲ್ಲೆಯ ಶಿರೂರು ಟೋಲಿನಲ್ಲಿ ಮಗುಚಿ ನಾಲ್ಕು ಜನ ಸತ್ತರು. ಆಗ ಆಸ್ಪತ್ರೆ ಬೇಕು ಅಂತ ಇಡೀ ಜಿಲ್ಲೆ ಕೂಗಿತು. ಆ ಕೂಗಿನ ಜೊತೆಗೆ ಇದನ್ನೂ ಸೇರಿಸಬೇಕು: ತಾಲೂಕಿನ ಆಸ್ಪತ್ರೆಯಲ್ಲಿ, ಹೋಬಳಿಯ ಮಟ್ಟದಲ್ಲಿ, ವಾರಕ್ಕೆರಡು ದಿನವಾದರೂ ಕೈಕಾಲಿನ ವ್ಯಾಯಾಮ ಮಾಡಿಸುವವರು ಬೇಕು.

ಮತ್ತು ಹೆಂಗಸರ ಮಾತು. ಈ ಕತೆಯಲ್ಲಿ ಗಂಡ ಬಿದ್ದ, ಹೆಂಡತಿ ಗದ್ದೆ ಎತ್ತಿದಳು. ಅವಳೇ ಬಿದ್ದಿದ್ದರೆ? ನಟ್ಟಿ ಅವಳದ್ದು, ಕಳೆ ಅವಳದ್ದು, ಕೊಟ್ಟಿಗೆ ಅವಳದ್ದು, ಅಂಕೋಲೆ ಪೇಟೆಗೆ ತರಕಾರಿ ಬುಟ್ಟಿ ಹೊರುವುದು ಅವಳು. ಪಹಣಿಯಲ್ಲಿ ಮಾತ್ರ ಅವಳ ಹೆಸರಿಲ್ಲ. ಆದ್ದರಿಂದ ಸರ್ಕಾರದ ಕಾಗದದಲ್ಲಿ ಅವಳು ರೈತಳೇ ಅಲ್ಲ. ನಾಳೆ ನಮಗೆ ಕಾಯಿಲೆಯ ಭತ್ತೆ ಬಂದರೆ ಅದು ಪಹಣಿ ನೋಡಿ ಬರಬಾರದು, ದುಡಿಮೆ ನೋಡಿ ಬರಬೇಕು. ಈ ಮಾತನ್ನು ಸಂಘದ ಗಂಡಸರೇ ಮೊದಲು ಒಪ್ಪಬೇಕು.

ಎದುರು ಮಾತು

"ಎಲ್ಲರೂ ಸುಳ್ಳು ಸರ್ಟಿಫಿಕೇಟು ತರುತ್ತಾರೆ" ಅನ್ನುತ್ತಾರೆ. ತರುವವರು ಇರಬಹುದು. ನೌಕರರಲ್ಲಿ ಇಲ್ಲವೇ? ಅದಕ್ಕೆ ಅವರ ಕಾಯಿಲೆ ರಜೆಯನ್ನು ತೆಗೆದು ಹಾಕಿದರೇ? ಮೇಲಾಗಿ ಹಳ್ಳಿಯಲ್ಲಿ ಸುಳ್ಳು ಕಾಯಿಲೆ ಮುಚ್ಚಿಡುವುದು ಕಷ್ಟ. ಯಾರು ಗದ್ದೆಗಿಳಿದರು, ಯಾರು ಇಳಿಯಲಿಲ್ಲ ಅಂತ ಊರಿಗೆಲ್ಲ ಕಾಣುತ್ತದೆ. ವೈದ್ಯರ ಕಾಗದದ ಜೊತೆ ಗ್ರಾಮಸಭೆಯ ಮಾತನ್ನೂ ಕೇಳಲಿ.

"ಸಾಲ ಮನ್ನಾ ಮಾಡಿದೆವಲ್ಲ, ವರ್ಷಕ್ಕೆ ಕಿಸಾನ್ ಸಮ್ಮಾನದ 6,000 ಕೊಡುತ್ತೇವಲ್ಲ" ಅನ್ನುತ್ತಾರೆ. ಆರು ಸಾವಿರ ಅಂದರೆ ದಿನಕ್ಕೆ ಹದಿನಾರೂವರೆ ರೂಪಾಯಿ. ಮೈ ಗಟ್ಟಿ ಇದ್ದವನಿಗೂ ಅಷ್ಟೇ, ಮಲಗಿದವನಿಗೂ ಅಷ್ಟೇ. ಸಾಲ ಮನ್ನಾ ಚುನಾವಣೆ ನೋಡಿ ಬರುತ್ತದೆ. ಲಕ್ವ ಚುನಾವಣೆ ನೋಡಿ ಬರುವುದಿಲ್ಲ.

ನಾವು ಕೇಳಬೇಕಾದದ್ದು

ಒಂದು, ಗುಣವಾಗುವವರೆಗೆ, ಕಡಿಮೆಯೆಂದರೆ 91 ದಿನ, ರೈತನಿಗೆ ಕನಿಷ್ಠ ಕೃಷಿ ಕೂಲಿಯ ಶೇಕಡಾ 70 ಕಾಯಿಲೆ ಭತ್ತೆ, ದೀರ್ಘ ಕಾಯಿಲೆಗೆ ಹೆಚ್ಚಿನ ಅವಧಿ. ಎರಡು, ಪ್ರಮಾಣಪತ್ರ ಕೊಟ್ಟ ಕೂಡಲೇ ಬೆಳೆಸಾಲದ ಗಡುವು ಮುಂದೂಡಿಕೆ, ಶೂನ್ಯ ಬಡ್ಡಿ ಮುಂದುವರಿಕೆ, ಬಾಕಿದಾರನೆಂದು ಬರೆಯದಿರುವುದು. ಮೂರು, ಅಂಗವಿಕಲರ ಮಾಸಾಶನದ ಆದಾಯ ಮಿತಿಯಲ್ಲಿ ಸಾಗುವಳಿ ಖರ್ಚು ಕಳೆದು ಲೆಕ್ಕ ಹಾಕುವುದು, ಮೊತ್ತವನ್ನು ಬೆಲೆಯೇರಿಕೆಗೆ ತಕ್ಕಂತೆ ಏರಿಸುವುದು. ನಾಲ್ಕು, ಕಾಯಿಲೆ ಬಿದ್ದವರಿಗೆ ಅವಧಿಯ ಗೇಣಿ ಕರಾರಿನ ಅವಕಾಶ. ಐದು, ಬೆಲೆ ಆಯೋಗದ ಲೆಕ್ಕದಲ್ಲಿ ರೈತನ ಆರೋಗ್ಯದ ಬಾಬತ್ತು.

ಸರ್ಕಾರ ಕೊಡುವ ತನಕ ಕೈಕಟ್ಟಿ ಕೂರುವುದೂ ಬೇಡ. ಈ ವಾರವೇ ಮಾಡಬಹುದಾದದ್ದು ಇದೆ. ನಿಮ್ಮ ಬ್ಯಾಂಕು ಖಾತೆಯಿಂದ 20 ರೂಪಾಯಿಯ ಅಪಘಾತ ವಿಮೆ ಹೋಗುತ್ತಿದೆಯೇ ನೋಡಿ. ಯಶಸ್ವಿನಿಗೆ ಹೆಸರು ಹಚ್ಚುವ ಕಾಲದಲ್ಲಿ ಸೊಸೈಟಿಗೆ ಹೋಗಿ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಗಡುವು ದಾಟುವ ಮೊದಲೇ, ದಾಟಿದ ಮೇಲಲ್ಲ, ಸೊಸೈಟಿಗೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಇವತ್ತಿನ ನಿಯಮದಲ್ಲಿ ಅವರು ಒಪ್ಪಲಿಕ್ಕಿಲ್ಲ. ಆದರೆ ಅಂಥ ನೂರು ಅರ್ಜಿ ಒಂದೊಂದು ತಾಲೂಕಿನಲ್ಲಿ ಬಿದ್ದರೆ ನಿಯಮ ಬದಲಿಸುವುದು ಸುಲಭ. ಆಸ್ಪತ್ರೆಯ ಚೀಟಿ ಒಂದನ್ನೂ ಎಸೆಯಬೇಡಿ. ಮತ್ತು ಪ್ರತಿ ಕೇರಿಯಲ್ಲಿ ಮುಯ್ಯಾಳಿನ ಒಂದು ಪುಸ್ತಕ ಇಡಿ. ಹುಡುಗರು ಗೋವೆಗೆ ಹೋದರು, ಮುಯ್ಯಾಳು ಸತ್ತಿತು ಅಂತ ನಾವೇ ಹೇಳುತ್ತಿದ್ದೆವು. ಸತ್ತಿರಲಿಲ್ಲ. ಅವತ್ತು ಆ ಗದ್ದೆಯಲ್ಲಿ ಹತ್ತೊಂಬತ್ತು ಜನ ಇದ್ದರು, ನಾನೇ ಎಣಿಸಿದ್ದೇನೆ.

1932 ರಲ್ಲಿ ಅಂಕೋಲೆ, ಸಿದ್ದಾಪುರದ ರೈತರು ಕರ ಕೊಡುವುದಿಲ್ಲ ಅಂತ ನಿಂತಾಗ ಮನೆಮಠ, ಭೂಮಿ ಜಪ್ತಾಯಿತು. ಆದರೂ ಅವರು ಬಗ್ಗಲಿಲ್ಲ, ಯಾಕೆಂದರೆ ಒಬ್ಬರ ಹಿಂದೆ ಒಬ್ಬರು ನಿಂತಿದ್ದರು. 1980 ರ ನರಗುಂದ, ನವಲಗುಂದದ ನಂತರ ನಮ್ಮ ಸಂಘದವರು ಊರ ಬಾಗಿಲಿಗೆ ಬೋರ್ಡು ಹಾಕಿದರು, ಅಪ್ಪಣೆ ಇಲ್ಲದೆ ವಸೂಲಿ ಅಧಿಕಾರಿ ಒಳಗೆ ಬರಕೂಡದು ಅಂತ. ನಾವು ದರಕ್ಕಾಗಿ ಹೋರಾಡಿದೆವು, ಸಾಲಕ್ಕಾಗಿ ಹೋರಾಡಿದೆವು. ದುಡಿಯುವ ಮೈಗಾಗಿ ಹೋರಾಡಲಿಲ್ಲ. ರೈತನ ಮೈ ಕಬ್ಬಿಣದ್ದು ಅಂತ ನಾವೇ ನಂಬಿದ್ದೆವು.

ನಮ್ಮ ಆ ತಮ್ಮ ಈಗ ಕೋಲು ಹಿಡಿದು ಗದ್ದೆಯಂಚಿನ ತನಕ ನಡೆಯುತ್ತಾನೆ. ಈ ಮಳೆಗಾಲಕ್ಕೆ ಒಂದು ಎಕರೆ ಮಾಡುತ್ತೇನೆ, ಇನ್ನೊಂದು ಎಕರೆ ಮುಂದಿನ ವರ್ಷ ಅನ್ನುತ್ತಾನೆ. ಸೊಸೈಟಿಯ ಬಾಕಿ ಹಾಗೆಯೇ ಇದೆ. ಬರುವ ತಿಂಗಳ ತಾಲೂಕು ಸಭೆಯಲ್ಲಿ ಅವನ ಅರ್ಜಿಯನ್ನು ನಾನು ಓದುತ್ತೇನೆ. ನಿಮ್ಮ ನಿಮ್ಮ ಊರಿನ ಅರ್ಜಿ ಹಿಡಿದು ನೀವೂ ಬನ್ನಿ.